ಹೊಲಿಗೆ ಬಿಚ್ಚಿದ ದನಿ

ಜೂನ್ ೧೦, ಸೋಮವಾರ
ಎರಡನೇ ಮಹಡಿ, ಎಡಿಟಿಂಗ್ ಕೋಣೆ

ಊರಿಗೆಲ್ಲ ಕೇಳಿಸುವ, ಯಾರ ಮಾತನ್ನೂ ಕೇಳದ ಗಂಡನಿಗೆ,

ನಮಸ್ಕಾರ ಎಂದು ಬರೆಯಲು ಹೊರಟೆ, ಪೆನ್ನು ಒಪ್ಪಲಿಲ್ಲ. ನಿನ್ನನ್ನು ‘ನೀವು’ ಎಂದು ಕರೆಯಬೇಕೆಂದು ನನ್ನ ವಕೀಲೆ ಹೇಳಿಕೊಟ್ಟಿದ್ದಾರೆ. ಬಿಟ್ಟುಹೋಗುವ ದಂಪತಿಗಳು ಬಹುವಚನದಲ್ಲಿ ಜಗಳವಾಡಿದರೆ ಕೋರ್ಟಿನಲ್ಲಿ ಚೆನ್ನಾಗಿ ಕಾಣುತ್ತದಂತೆ. ನಿನ್ನಂಥವನು ಒಬ್ಬನಿದ್ದಾಗಲೇ ಸಹಿಸುವುದು ಕಷ್ಟವಾಗಿತ್ತು, ಬಹುವಚನಕ್ಕೆ ನನ್ನಲ್ಲಿ ತಾಳ್ಮೆ ಎಲ್ಲಿದೆ. ಏಕವಚನದಲ್ಲೇ ಬರೆಯುತ್ತೇನೆ.

ಏನಿದ್ದರೂ ಬರವಣಿಗೆಯಲ್ಲಿರಲಿ ಎಂದು ನಮ್ಮಿಬ್ಬರ ವಕೀಲರೂ ಹೇಳಿರುವುದು ನನಗೆ ಅನುಕೂಲವೇ ಆಯಿತು. ಬಾಯಿ ಜಗಳದಲ್ಲಿ ನಿನ್ನನ್ನು ಗೆದ್ದವರಿಲ್ಲ. ನೀನು ‘ಉಪ್ಪು ಕೊಡು’ ಎಂದರೂ ದೇಶವನ್ನು ಉದ್ದೇಶಿಸಿ ಭಾಷಣ ಮಾಡಿದಂತೆ ಕೇಳಿಸುತ್ತದೆ. ಎದುರಿಗಿದ್ದವರು ಉಪ್ಪಿನ ಜೊತೆ ತಮ್ಮ ಅಭಿಪ್ರಾಯವನ್ನೂ ಒಪ್ಪಿಸಿಬಿಡುತ್ತಾರೆ. ಕಾಗದದ ಮೇಲೆ ಇಬ್ಬರಿಗೂ ದನಿಯಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಇಬ್ಬರೂ ಸಮಾನರು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಮನೆ ಬಿಟ್ಟು ನಿನ್ನ ಅಕ್ಕನ ಮನೆಯ ಮೇಲಿನ ಕೋಣೆ ಸೇರಿಕೊಂಡ ದಿನದಿಂದ ನಿನ್ನ ರೆಕಾರ್ಡಿಂಗ್ ಯಾವುದೂ ನನ್ನ ಮೇಜಿಗೆ ಬರಬಾರದೆಂದು ಸ್ಟುಡಿಯೋದವರಿಗೆ ಹೇಳಿದ್ದೆ. ಮನೆಯಿಂದ ತೊಲಗಿದ ದನಿ ಕಚೇರಿಯಲ್ಲಿ ಕಿವಿಗೆ ಬೀಳುವುದು ಯಾವ ನ್ಯಾಯ. ಅಂದಿನಿಂದ ನಿನ್ನದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಸೂಜಿಯಣ್ಣ. ಅವರಿಗೆ ಆ ಹೆಸರು ಬಂದದ್ದು ಕೆಲಸದಿಂದಲೇ ಎಂದು ನಿನಗೆ ನೆನಪಿಸಬೇಕಿಲ್ಲ. ಎಲ್ಲಿ ಕತ್ತರಿಸಿ ಎಲ್ಲಿ ಅಂಟಿಸಿದರೆಂದು ಅವರಿಗೇ ಆಮೇಲೆ ತಿಳಿಯುವುದಿಲ್ಲ. ಹೋದ ವಾರ ಅವರ ಮಗಳಿಗೆ ಹೆರಿಗೆಯಾಗಿ ರಜೆ ಹಾಕಿ ಹೋದರು. ಹಾಗಾಗಿ ಇವತ್ತು ಬೆಳಿಗ್ಗೆ, ಕ್ಯಾನ್ಸರಿನ ಮುನ್ಸೂಚನೆಗಳ ಬಗ್ಗೆ ಜನರನ್ನು ಎಚ್ಚರಿಸುವ ನಿನ್ನ ಹೊಸ ಸ್ಪಾಟ್, ಮುಕ್ಕಾಲು ನಿಮಿಷದ ಆ ರೇಡಿಯೋ ಪ್ರಕಟಣೆ, ಹಸಿಹಸಿಯಾಗಿ, ಇನ್ನೂ ಯಾರ ಕೈಯೂ ಸೋಕದೆ, ನನ್ನ ಮೇಜಿಗೆ ಬಂದು ಬಿತ್ತು.

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಯಾರೋ ಬೇರೆಯವರ ಟೇಪ್ ಬಂದಿದೆ ಎಂದುಕೊಂಡೆ. ಹೊರಗಿನ ಚೀಟಿ ನೋಡಿದೆ, ನಿನ್ನದೇ. ಮತ್ತೆ ಕೇಳಿದೆ. ಪ್ರತಿ ವಾಕ್ಯ ಶುರುವಾಗುವ ಮೊದಲು ಸ್ವಲ್ಪ ಗಾಳಿ ಸೋರುತ್ತದೆ, ಸರಿಯಾಗಿ ಮುಚ್ಚದ ಬಾಗಿಲಿನಂತೆ. ನಡುವೆ ನೆಲದ ಮೇಲೆ ಕುರ್ಚಿ ಎಳೆದ ಹಾಗೆ ಒಂದು ಕರಕರ. ಎತ್ತರಕ್ಕೆ ಹೋಗಬೇಕಾದ ಕಡೆ ದನಿ ಹೋಗುವುದೇ ಇಲ್ಲ, ಕೆಳಗೇ ನಿಂತು ಕೈ ಬೀಸುತ್ತದೆ. ಮೊದಲು ನಿನ್ನನ್ನು ಎಲ್ಲರೂ ದನಿಯ ದಣಿ ಎನ್ನುತ್ತಿದ್ದರಲ್ಲ, ಈಗ ಕೇಳಿದರೆ ದಣಿದ ದನಿ.

ಸೂಜಿಯಣ್ಣನಿಗೆ ಫೋನ್ ಮಾಡಿದೆ. ಹಿನ್ನೆಲೆಯಲ್ಲಿ ಮೊಮ್ಮಗು ಅಳುತ್ತಿತ್ತು. ಅದರ ದನಿ ನಿನಗಿಂತ ಚೆನ್ನಾಗಿತ್ತು. ಇದೇನು ಎಂದು ಕೇಳಿದೆ. “ಓ, ಅದಾ ಮೇಡಂ,” ಎಂದರು, “ಚಳಿಗಾಲ ಮುಗಿದಾಗಿಂದ ಸರ್ ದನಿ ಹಂಗೇ ಇದೆ. ಒಡೆದಿರೋ ಮಾತನ್ನ ತೆಗೆದು, ಹಳೇ ರೆಕಾರ್ಡಿಂಗಲ್ಲಿ ಅದೇ ಮಾತು ಹುಡುಕಿ ಹೊಲೀತಿದೀನಿ. ಯಾರಿಗೂ ಗೊತ್ತಾಗಲ್ಲ ಬಿಡಿ.” ಅವರಿಗಾದರೂ ಹೇಳಿದಿರಾ ಎಂದೆ. “ಅವರಿಗ್ಯಾಕೆ ಹೇಳೋದು, ಬೇಜಾರ್ ಮಾಡ್ಕೋತಾರೆ. ದೊಡ್ಡ ಕಲಾವಿದರು.”

ಹೊಲಿಗೆ ನಮ್ಮಲ್ಲಿ ಹೊಸದೇನಲ್ಲ. ಒಬ್ಬರಿಗೆ ಶೀತವಾದರೆ, ಒಂದು ಪದ ನಾಲಿಗೆ ತೊಡರಿದರೆ, ಹಳೆಯದರಿಂದ ತೇಪೆ ಹಾಕುತ್ತೇವೆ. ಆದರೆ ನಿನ್ನ ವಿಷಯದಲ್ಲಿ ತೇಪೆಯೇ ಬಟ್ಟೆಯಾಗಿಬಿಟ್ಟಿದೆ. ನೀನು ದಿನಾ ಬೆಳಿಗ್ಗೆ ರೇಡಿಯೋ ಹಾಕಿ, ಮೀಸೆ ಸವರಿಕೊಂಡು, ‘ಏನ್ ದನಿ ಮಾರಾಯ’ ಎಂದು ನಿನಗೆ ನೀನೇ ಹೇಳಿಕೊಳ್ಳುತ್ತೀಯಲ್ಲ, ಆ ದನಿ ನಿನ್ನದೇ ನಿಜ, ಆದರೆ ಈ ವರ್ಷದ್ದಲ್ಲ. ಜಗತ್ತಿನಲ್ಲಿ ಎಲ್ಲರಿಗೂ ತಮ್ಮ ದನಿ ಕೆಟ್ಟರೆ ತಮ್ಮ ಕಿವಿಯೇ ಹೇಳುತ್ತದೆ. ನಿನಗೆ ಮಾತ್ರ ದಿನಾ ಬೆಳಿಗ್ಗೆ ರೇಡಿಯೋ ಬಂದು ‘ಎಲ್ಲ ಸರಿಯಿದೆ’ ಎಂದು ಸುಳ್ಳು ಹೇಳಿ ಹೋಗುತ್ತದೆ.

ಇದರ ಮೇಲೆ ನೀನು ಓದಿದ್ದೇನು ಎಂದು ಗಮನಿಸಿದ್ದೀಯಾ? ಬಾಯಿಯಲ್ಲಿ ಮಾಯದೆ ಉಳಿದ ಹುಣ್ಣು, ಎದೆಯಲ್ಲೋ ಕುತ್ತಿಗೆಯಲ್ಲೋ ಕೈಗೆ ಸಿಕ್ಕುವ ಗಂಟು, ಕಾರಣವಿಲ್ಲದೆ ಇಳಿಯುವ ತೂಕ, ಕಾಣಬಾರದ ಕಡೆ ಕಾಣುವ ರಕ್ತ, ಇಷ್ಟನ್ನೂ ನೀನು ಹೇಗೋ ಎಳೆದುಕೊಂಡು ಬಂದೆ. ಆಮೇಲೆ ‘ಮೂರು ವಾರ ಕಳೆದರೂ ಸರಿಹೋಗದ ಒಡೆದ ದನಿ’ ಎಂಬಲ್ಲಿಗೆ ಬಂದೆ, ಅಲ್ಲಿ ನಿನ್ನ ದನಿ ಒಡೆಯಿತು. ಕೆಮ್ಮಿದೆ. “ಇನ್ನೊಂದ್ಸಲ ತಗೊಳ್ಳೋಣ” ಎಂದೆ. ಮತ್ತೆ ಅಲ್ಲೇ ಒಡೆಯಿತು. ನೀರು ಕುಡಿದ ಶಬ್ದ. ಮತ್ತೆ ಒಡೆಯಿತು. ಕೊನೆಗೆ ನೀನು ಹೇಳಿದ್ದು ಟೇಪಿನಲ್ಲಿದೆ: “ಈ ಮೈಕ್ ಸರಿಯಿಲ್ಲ ಕಣ್ರೀ, ಬದಲಾಯ್ಸಿ.”

ಮೈಕ್ ಬದಲಾಯಿಸಿದರು. ನನಗೆ ನಗು ಬಂತು, ಆಮೇಲೆ ಬರಲಿಲ್ಲ.

ಕಾಲೇಜಿನಲ್ಲಿ ನೀನು ಚರ್ಚಾಕೂಟದ ಬಹುಮಾನ ಹೊಡೆಯುತ್ತಿದ್ದಾಗ ನಾನು ವ್ಯಾಕರಣದಲ್ಲಿ ಮೊದಲು ಬರುತ್ತಿದ್ದೆ. ಅದಕ್ಕೇ ಹೇಳುತ್ತೇನೆ. ನಮ್ಮದು ಲೋಪಸಂಧಿಯ ಮದುವೆ: ಎರಡು ಪದ ಸೇರುವಾಗ ಒಂದರ ಸ್ವರ ಕಾಣೆಯಾಗುತ್ತದೆ. ಕಾಣೆಯಾದದ್ದು ಯಾವಾಗಲೂ ನನ್ನದು. ಈಗ ನಿನ್ನ ಸ್ವರ ಕಾಣೆಯಾಗುತ್ತಿದೆ, ನಾನು ಸಂತೋಷಪಡಬೇಕಿತ್ತು. ಪಡುತ್ತೇನೆ, ಸಮಯ ಬಂದಾಗ.

ಈ ಪತ್ರದ ಸಾರಾಂಶ ಇಷ್ಟೇ: ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗು. ಏನೂ ಇಲ್ಲದೆ ಇರಬಹುದು, ಬಹಳ ಜನಕ್ಕೆ ಏನೂ ಇರುವುದಿಲ್ಲ. ಇಲ್ಲ ಎಂದು ಅವರು ನೋಡಿ ಹೇಳಲಿ, ನೀನು ನೋಡದೆ ಹೇಳಬೇಡ. ಪ್ರೀತಿ ಉಕ್ಕಿ ಬರೆಯುತ್ತಿದ್ದೇನೆಂದು ತಿಳಿಯಬೇಡ. ವಿಚ್ಛೇದನದ ಕಾಗದಕ್ಕೆ ಸಹಿ ಹಾಕಲು ನೀನು ಗಟ್ಟಿಮುಟ್ಟಾಗಿರಬೇಕು. ವಿಧವೆಯಾಗಿ ನಿನ್ನ ಫೋಟೋ ಒರೆಸುತ್ತ ಕೂರುವ ಉದ್ದೇಶ ನನಗಿಲ್ಲ.

ಕಾನೂನಿನ ಪ್ರಕಾರ ಇನ್ನೂ ನಿನ್ನ,
ಹೆಂಡತಿ

ಮ.ಮ. (ಮರೆತ ಮಾತು): ಡಾಕ್ಟರ ವಿಳಾಸ ಹಿಂಬದಿಯಲ್ಲಿದೆ. ಗುರುವಾರ ಬೆಳಿಗ್ಗೆ ಬಿಡುವಿದೆಯಂತೆ. ವಿಶೇಷವಾಗಿ ವಿಚಾರಿಸಿದ್ದಲ್ಲ, ಫೋನ್ ಕೈಯಲ್ಲಿತ್ತು ಅಂತ ಕೇಳಿದೆ.

*

ಜೂನ್ ೧೨, ಬುಧವಾರ
ಅಕ್ಕನ ಮನೆ, ಮೇಲಿನ ಕೋಣೆ

ಕತ್ತರಿ ಮಹಾರಾಣಿಯವರ ಸನ್ನಿಧಿಗೆ,

ತಮ್ಮ ಪತ್ರ ತಲುಪಿತು. ನಾನು ವಕೀಲರ ಮಾತು ಕೇಳುವ ಸಭ್ಯ. ‘ನೀವು’ ಎಂದೇ ಬರೆಯುತ್ತೇನೆ. ಸ್ವಾಗತದ ಮೇಜಿನ ಹುಡುಗಿ ಲಕೋಟೆಯನ್ನು ನನ್ನ ಕೈಗಿಡುವಾಗ “ಮೇಡಂ ಕೊಟ್ರು ಸರ್” ಎಂದು ಮೆಲ್ಲಗೆ ಹೇಳಿದಳು, ಬಾಂಬ್ ಕೊಡುವವರ ಹಾಗೆ. ಬಿಚ್ಚಿದ ಮೇಲೆ ಅವಳು ಸರಿಯೆಂದು ತಿಳಿಯಿತು.

ನಿಮ್ಮ ರೋಗನಿರ್ಣಯಕ್ಕೆ ಧನ್ಯವಾದಗಳು. ಹೆಡ್‌ಫೋನಿನಲ್ಲಿ ಕಾಯಿಲೆ ಕಂಡುಹಿಡಿಯುವ ವಿದ್ಯೆಯನ್ನು ತಾವು ಯಾವ ಕಾಲೇಜಿನಲ್ಲಿ ಕಲಿತಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ನನಗಿರುವುದು ಶೀತ. ರೆಕಾರ್ಡಿಂಗ್ ಬೂತಿನ ಎ.ಸಿ. ಯಾವಾಗಲೂ ನನ್ನ ನೆತ್ತಿಯ ಮೇಲೇ ಬೀಸುತ್ತದೆ. ಅಕ್ಕನ ಮನೆಯ ಎದುರು ರಸ್ತೆ ಅಗೆದಿದ್ದಾರೆ, ಧೂಳು ಮನೆಯೊಳಗೆ ಬಂದು ನನಗಿಂತ ಮೊದಲು ಕುರ್ಚಿಯಲ್ಲಿ ಕೂರುತ್ತದೆ. ಎರಡೂ ಹೊತ್ತು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದೇನೆ, ಜೇನು ನೆಕ್ಕುತ್ತಿದ್ದೇನೆ. ಅಕ್ಕ “ನಿನ್ ದನಿ ಗರಗಸ ಆಗಿದೆ ಕಣೋ” ಎಂದಳು, ಅವಳು ನನ್ನನ್ನು ಹೊಗಳಿದ ದಿನ ಇತಿಹಾಸದಲ್ಲೇ ಇಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸಿಗರೇಟಿನ ಬಗ್ಗೆ ನೀವು ಕೇಳಿಲ್ಲ, ಆದರೆ ಸಾಲುಗಳ ನಡುವೆ ಹೊಗೆ ಕಾಣಿಸಿತು. ಬಿಟ್ಟಿದ್ದೇನೆ. ಅಂದರೆ, ಬಿಟ್ಟು ಬಿಟ್ಟು ಸೇದುತ್ತೇನೆ.

ಮುಖ್ಯವಾದ ಮಾತು: ನನಗೆ ನೋವೇ ಇಲ್ಲ. ಒಂದಿಷ್ಟೂ ಇಲ್ಲ. ನೋವಿಲ್ಲದ ಮೇಲೆ ರೋಗ ಎಲ್ಲಿಂದ ಬಂತು? ಅಂಥ ದೊಡ್ಡ ಕಾಯಿಲೆ ಬಾಗಿಲು ತಟ್ಟದೆ ಒಳಗೆ ಬರುವಷ್ಟು ಅಸಭ್ಯವೆಂದು ನಾನು ನಂಬುವುದಿಲ್ಲ. ಮತ್ತೆ ಆ ಸೂಚನೆಗಳು ಕೇಳುಗರಿಗೆ. ನಾನು ಎಚ್ಚರಿಕೆ ಕೊಡುವವನು, ತೆಗೆದುಕೊಳ್ಳುವವನಲ್ಲ. ಬಸ್ ಕಂಡಕ್ಟರ್ ಇಡೀ ಬಸ್ಸಿಗೆ ಟಿಕೆಟ್ ಕೊಡುತ್ತಾನೆ, ತಾನು ತೆಗೆದುಕೊಂಡದ್ದನ್ನು ಎಲ್ಲಾದರೂ ನೋಡಿದ್ದೀರಾ?

ಹೊಲಿಗೆಯ ಕಥೆಯನ್ನು ನಾನು ನಂಬಲಿಲ್ಲ. ಇವತ್ತು ಬೆಳಿಗ್ಗೆ ಕೂಡ ರೇಡಿಯೋ ಕೇಳಿದೆ. ಗಂಟೆ ಹೊಡೆದ ಹಾಗಿತ್ತು. ಈ ಸ್ಪಾಟುಗಳನ್ನು ಮಾಡಿಸುವ ಆರೋಗ್ಯ ಸಂಸ್ಥೆಯ ಮೇಡಂ ಕೂಡ ಬೂತಿನ ಹೊರಗೆ ನಿಂತು ಕೇಳಿ, “ಸರ್, ಈಗೀಗ ನಿಮ್ಮ ದನಿಗೆ ಒಂಥರಾ ತೂಕ ಬಂದಿದೆ” ಎಂದರು. ತೂಕ, ಗಮನಿಸಿ. ನೀವು ಅದನ್ನು ಕರಕರ ಎನ್ನುತ್ತೀರಿ. ಒಂದೇ ವಸ್ತುವನ್ನು ಅಭಿಮಾನಿ ಒಂದು ಹೆಸರಿನಿಂದ, ಹೆಂಡತಿ ಇನ್ನೊಂದು ಹೆಸರಿನಿಂದ ಕರೆಯುವುದು ಲೋಕಾರೂಢಿ.

ನಿಮ್ಮ ನಿಜವಾದ ಉದ್ದೇಶ ನನಗೆ ಗೊತ್ತು. ನನ್ನ ದನಿ ಹೋಗಿದೆ ಎಂದು ಸುದ್ದಿ ಹಬ್ಬಿಸಿ ‘ಜೇನುಹನಿ’ ಎಂದು ಕರೆಸಿಕೊಳ್ಳುವ ಆ ಇನ್ನೊಬ್ಬ ದನಿಗಾರನನ್ನು ನನ್ನ ಮೈಕಿನ ಮುಂದೆ ಕೂರಿಸಬೇಕು. ಅವನು ಸಾವಿನ ಸುದ್ದಿ ಓದಿದರೂ ಮದುವೆಗೆ ಕರೆದ ಹಾಗಿರುತ್ತದೆ. ಅವನನ್ನು ಕೂರಿಸಿದಿರೋ, ಕೋರ್ಟಿನಲ್ಲಿ ನಮ್ಮ ಎರಡನೇ ಕೇಸು ಶುರು. ಮನೆಯನ್ನು ನೀವು ಇಟ್ಟುಕೊಂಡಿರಿ, ಪುಸ್ತಕಗಳನ್ನು ಇಟ್ಟುಕೊಂಡಿರಿ, ಬಾಲ್ಕನಿಯ ಒರಗು ಕುರ್ಚಿಯನ್ನೂ ಇಟ್ಟುಕೊಂಡಿರಿ. ನನ್ನ ಬಳಿ ಉಳಿದಿರುವುದು ಗಂಟಲೊಂದೇ. ಅದಕ್ಕೂ ಕತ್ತರಿ ಹಾಕಬೇಡಿ.

ಇತಿ,
ಇನ್ನೂ ಗಟ್ಟಿಯಾಗಿ ಮಾತಾಡಬಲ್ಲವ

ಮ.ಮ.: ಮೂರು ವಾರ ಎಂದರೆ ಎಲ್ಲಿಂದ ಎಣಿಸಬೇಕು? ಸುಮ್ಮನೆ ಕೇಳಿದೆ. ಸ್ಪಾಟಿನಲ್ಲಿ ಆ ಅಂಶ ಸ್ಪಷ್ಟವಾಗಿಲ್ಲ, ಕೇಳುಗರಿಗೆ ಗೊಂದಲವಾಗಬಹುದು.

*

ಜೂನ್ ೧೭, ಸೋಮವಾರ
ಎಡಿಟಿಂಗ್ ಕೋಣೆ

ಟಿಕೆಟ್ ಇಲ್ಲದ ಕಂಡಕ್ಟರನಿಗೆ,

ಎಲ್ಲಿಂದ ಎಣಿಸಬೇಕೆಂದು ಕೇಳಿದ್ದೀಯ. ಸೂಜಿಯಣ್ಣ ಮೊದಲ ಹೊಲಿಗೆ ಹಾಕಿದಾಗ ಜನ ಇನ್ನೂ ಸ್ವೆಟರ್ ಹಾಕುತ್ತಿದ್ದರು, ಈಗ ಕೊಡೆ ಹಿಡಿದು ಓಡಾಡುತ್ತಿದ್ದಾರೆ. ವಾರಗಳಲ್ಲಿ ಎಣಿಸುವ ಶ್ರಮ ಬೇಡ, ಋತುಗಳಲ್ಲಿ ಎಣಿಸು. ಇಷ್ಟು ಕಾಲ ಇರುವ ಶೀತವನ್ನು ಶೀತವೆನ್ನುವುದಿಲ್ಲ, ಬಾಡಿಗೆದಾರ ಎನ್ನುತ್ತಾರೆ.

ಗುರುವಾರ ನೀನು ಡಾಕ್ಟರ ಹತ್ತಿರ ಹೋಗಲಿಲ್ಲ. ಇದೂ ಫೋನ್ ಕೈಯಲ್ಲಿದ್ದಾಗ ತಿಳಿದದ್ದು.

ನೋವಿಲ್ಲವೆಂದು ಹೆಮ್ಮೆಯಿಂದ ಬರೆದಿದ್ದೀಯಲ್ಲ, ನೀನೇ ಓದಿದ ವಾಕ್ಯವನ್ನು ನಿನಗೇ ಓದಿ ಹೇಳಲೇ? ‘ಮೊದಮೊದಲು ನೋವು ಇರುವುದಿಲ್ಲ, ನೋವಿಗಾಗಿ ಕಾಯಬೇಡಿ.’ ಇದನ್ನು ನೀನು ಒಂದೇ ಟೇಕಿನಲ್ಲಿ, ಬಹಳ ಭಾವಪೂರ್ಣವಾಗಿ ಓದಿದ್ದೀಯ. ಕೇಳಿದವರು ಎದ್ದು ಆಸ್ಪತ್ರೆಗೆ ಓಡಬೇಕು, ಹಾಗೆ ಓದಿದ್ದೀಯ. ಓದಿದವನು ಮಾತ್ರ ಕ್ಯಾಂಟೀನಿಗೆ ಹೋದ. ನಿನ್ನ ಮಾತಿನಲ್ಲಿ ಧ್ವನಿಯಿರುತ್ತದೆ, ಅರ್ಥ ನಿನ್ನದಲ್ಲ ಎಂದು ನಮ್ಮ ಮೇಷ್ಟ್ರು ಕಾಲೇಜಿನಲ್ಲೇ ಹೇಳಿದ್ದರು.

ನಿನ್ನ ಅಕ್ಕನ ಮನೆಗೆ ಹೋಗಿದ್ದೆ. ನೀನು ಹೊರಗೆ ಹೋದದ್ದನ್ನು ನೋಡಿಕೊಂಡೇ ಹೋದೆ. ಅತ್ತಿಗೆ ಬಾಗಿಲು ತೆಗೆದು, “ಬಂದ್ಯಾ ತಾಯಿ, ಬಾ, ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಕೂರಿಸಬೇಕು ನಿಮ್ಮನ್ನ” ಎಂದರು. ಕೂತ ಮೇಲೆ ದನಿ ಇಳಿಸಿ, “ನಾಲ್ಕು ಮಾತಾಡಿದ್ರೆ ಸುಸ್ತಾಗ್ತಾನೆ. ನನ್ ಹತ್ರ ಕೈ ಸನ್ನೆಯಲ್ಲೇ ಮಾತು. ಕೇಳಿದ್ರೆ ‘ದನಿ ಉಳಿಸ್ತಾ ಇದೀನಿ’ ಅಂತಾನೆ. ಬ್ಯಾಂಕಲ್ಲಿ ಇಡ್ತಾನಾ?” ಎಂದು ಕಣ್ಣೊರೆಸಿಕೊಂಡರು. ಹೀಗೆ ಮನೆಯಲ್ಲಿ ಉಳಿಸಿ, ಬೂತಿನಲ್ಲಿ ಖರ್ಚು ಮಾಡುತ್ತೀಯ. ನಿನಗೆ ಗೊತ್ತಿದೆ. ಗೊತ್ತಿಲ್ಲದವನು ಉಳಿಸುವುದಿಲ್ಲ.

ಆದ್ದರಿಂದ ಒಂದು ಕೆಲಸ ಮಾಡಿದ್ದೇನೆ. ಬೈಯಲು ಸಿದ್ಧನಾಗು.

ಸಂಸ್ಥೆಯ ಮೇಡಂ ಅವರನ್ನು ಕೋಣೆಗೆ ಕರೆದು ಎರಡು ಸ್ಪಾಟ್ ಕೇಳಿಸಿದೆ, ಸೂಜಿಯಣ್ಣ ಹೊಲಿದ ಹಳೆಯದೊಂದು, ಹೊಲಿಗೆಯೇ ಇಲ್ಲದ ಹೊಸದೊಂದು. ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, “ನಾನು ಅವರಿಗೆ ತೂಕ ಬಂದಿದೆ ಅಂದಿದ್ದೆ, ಥೂ” ಎಂದು ತಮಗೆ ತಾವೇ ಬೈದುಕೊಂಡರು. “ನಾವು ಊರಿಗೆಲ್ಲ ಮುಚ್ಚಿಡಬೇಡಿ ಅಂತ ಹೇಳ್ತೀವಿ, ಹೇಳೋರದನ್ನೇ ಮುಚ್ಚಿಟ್ಟಿದೀವಿ. ಅವರು ಒಪ್ತಾರಾ?” ಎಂದರು. ನಾನು ನಿನ್ನ ಕರಾರು ತೆಗೆದು ತೋರಿಸಿದೆ. ‘ಕಲಾವಿದನ ದನಿಯನ್ನು ಯಾವುದೇ ರೀತಿಯಲ್ಲಿ ತಿದ್ದಕೂಡದು, ಇದ್ದದ್ದು ಇದ್ದಂತೆಯೇ ಪ್ರಸಾರವಾಗಬೇಕು.’ ನೀನೇ ಹಠ ಹಿಡಿದು ಹಾಕಿಸಿದ ಮಾತು. ನಿನ್ನ ದನಿ ತಿದ್ದುವವರು ಇನ್ನೂ ಹುಟ್ಟಿಲ್ಲ ಎಂದು ಆಗ ಎಲ್ಲರ ಮುಂದೆ ನೀನೇ ಹೇಳಿದ್ದೆ.

ಹುಟ್ಟಿದ್ದರು. ಈಗ ನಾನು ಬಿಚ್ಚಿದ್ದೇನೆ. ಬುಧವಾರದಿಂದ, ಬೆಳಗಿನ ಸುದ್ದಿಗೆ ಮುಂಚೆ, ಗಾಳಿ ಸೋರುವ, ಕುರ್ಚಿ ಎಳೆಯುವ, ಮೂರು ವಾರದ ಹತ್ತಿರ ಬಂದು ಒಡೆಯುವ ದನಿ ಹೋಗುತ್ತದೆ. ನಾನು ಹೇಳಿದರೆ ನಂಬುವುದಿಲ್ಲ, ಅಕ್ಕ ಹೇಳಿದರೆ ನಂಬುವುದಿಲ್ಲ. ನೀನು ಜೀವನದಲ್ಲಿ ನಂಬಿರುವುದು ಒಬ್ಬನ ಮಾತನ್ನೇ. ಅವನೇ ಬಂದು ಹೇಳಲಿ.

ನಿನ್ನ ಮರ್ಯಾದೆ ಹೋಗುತ್ತದೆ, ಗೊತ್ತು. ಮರ್ಯಾದೆ ಹೋದರೆ ಮತ್ತೆ ತರಬಹುದು.

ನಿನ್ನ ಶತ್ರು,
ಎರಡನೇ ಮಹಡಿಯವಳು

ಮ.ಮ.: ಜೇನುಹನಿಯನ್ನು ಕರೆಸೋಣವೇ ಎಂದು ಸ್ಟುಡಿಯೋದವರು ಕೇಳಿದ್ದರು. ಬೇಡವೆಂದವಳು ನಾನೇ. ಅವನ ಬಾಯಲ್ಲಿ ಕ್ಯಾನ್ಸರ್ ಕೂಡ ಐಸ್‌ಕ್ರೀಮಿನ ಜಾಹೀರಾತಾಗುತ್ತದೆ. ಬೇರೆ ಕಾರಣವಿಲ್ಲ.

*

ಜುಲೈ ೧೨, ಶುಕ್ರವಾರ
ಅಕ್ಕನ ಮನೆ

ಬಿಚ್ಚುವ ಕಲೆಯಲ್ಲಿ ಪಾರಂಗತರಾದ ಶ್ರೀಮತಿಯವರಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಪತ್ರ ಹರಿದುಹೋಗುವಷ್ಟು ಬೈಗುಳ ಇರುತ್ತಿತ್ತು. ಈಗ ಕೋಪ ಆರಿದೆ ಎಂದು ತಿಳಿಯಬೇಡಿ, ಕುಳಿತು ಬೈಯುವಷ್ಟು ವ್ಯವಸ್ಥಿತವಾಗಿದೆ.

ಆ ಬುಧವಾರ ನೀವು ನನ್ನನ್ನು ಎಲ್ಲಿ ಸಿಕ್ಕಿಸಿದಿರಿ ಗೊತ್ತೇ? ಕ್ಷೌರದ ಅಂಗಡಿಯಲ್ಲಿ. ಎಂದಿನ ಅಂಗಡಿ ಮುಚ್ಚಿತ್ತೆಂದು ಹೊಸ ಕಡೆ ಹೋಗಿದ್ದೆ. ಮುಖಕ್ಕೆಲ್ಲ ನೊರೆ, ಕುತ್ತಿಗೆಗೆ ಬಿಳಿ ಬಟ್ಟೆ, ತಲೆ ಹಿಂದಕ್ಕೆ. ನೇಣಿಗೆ ಹಾಕುವ ಮೊದಲು ಕೂಡ ಮನುಷ್ಯನನ್ನು ಇಷ್ಟು ಅಸಹಾಯಕನಾಗಿ ಕೂರಿಸುವುದಿಲ್ಲ. ಕನ್ನಡಿಯ ಮೇಲಿದ್ದ ರೇಡಿಯೋದಲ್ಲಿ ಸ್ಪಾಟ್ ಶುರುವಾಯಿತು. ನಿಮ್ಮ ಪತ್ರ ನನ್ನ ಜೇಬಿನಲ್ಲೇ ಇತ್ತು, ಓದಿ ನಕ್ಕಿದ್ದೆ. ಆದರೂ ಮೊದಲ ವಾಕ್ಯ ಕೇಳಿ, ಯಾರಪ್ಪಾ ಈ ಮುದುಕ ಎಂದುಕೊಂಡೆ.

ಕತ್ತಿ ಮಸೆಯುತ್ತಿದ್ದವನು, “ಯಾರಪ್ಪಾ ಇವನು, ಗಂಟಲಲ್ಲಿ ಮರಳು ತುಂಬ್ಕೊಂಡು ಊರಿಗೆ ಬುದ್ಧಿ ಹೇಳ್ತಾನೆ” ಎಂದ. ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿದ್ದ ಒಬ್ಬ ಹಿರಿಯರು, “ಮೊದಲು ಓದ್ತಿದ್ರಲ್ಲ, ಅವರ ದನಿ ಏನ್ ಚೆನ್ನಾಗಿತ್ತು. ಗಂಟೆ ಹೊಡೆದ ಹಾಗೆ. ಎಲ್ಲಿ ಹೋದ್ರೋ” ಎಂದರು. “ತೀರ್ಕೊಂಡಿರ್ಬೇಕು ಬಿಡಿ,” ಎಂದ ಇವನು, “ಒಳ್ಳೆಯವರು ಉಳಿಯಲ್ಲ.” ಹಿರಿಯರು ನನ್ನ ಆತ್ಮಕ್ಕೆ ಶಾಂತಿ ಕೋರುವ ಹಾಗೆ ತಲೆ ಅಲ್ಲಾಡಿಸಿದರು.

ನನ್ನ ಸಾವಿನ ಸುದ್ದಿಯನ್ನು ನೊರೆಯೊಳಗೆ ಕೂತು ಕೇಳಿಕೊಂಡು ಸುಮ್ಮನಿರಲಾಗಲಿಲ್ಲ. ತಲೆಯೆತ್ತಿ, “ಅದು ನಾನೇ ಕಣ್ರೀ” ಎಂದೆ. ರೇಡಿಯೋದಲ್ಲಿದ್ದ ಅದೇ ಮರಳು ನನ್ನ ಬಾಯಿಂದ ಬಂತು. ಒಂದೇ ಕ್ಷಣದಲ್ಲಿ ಎರಡೂ ಕಡೆಯಿಂದ. ಅಲ್ಲಿ ‘ಒಡೆದ ದನಿ’ ಎಂದು ಒಡೆಯಿತು, ಇಲ್ಲಿ ‘ಕಣ್ರೀ’ ಎಂದು ಒಡೆಯಿತು. ಅವನು ರೇಡಿಯೋ ನೋಡಿದ, ಕನ್ನಡಿಯಲ್ಲಿ ನನ್ನನ್ನು ನೋಡಿದ, ಕತ್ತಿ ಕೆಳಗಿಟ್ಟ. “ಸರ್,” ಎಂದ, ಬಹಳ ಮೆತ್ತಗೆ, “ನೀವು ತೋರಿಸ್ಕೊಂಡು ಬಂದ್ರಾ?”

ನೊರೆ ಒರೆಸಿಕೊಂಡು, ಕ್ಷೌರ ಮಾಡಿಸದೆಯೇ ಎದ್ದು ಬಂದೆ. ಚರ್ಚಾಕೂಟಗಳಿಂದ ಎಂದೂ ಹೀಗೆ ಎದ್ದು ಬಂದವನಲ್ಲ.

ಆಮೇಲೆ ನಡೆದದ್ದು ನಿಮಗೆ ಗೊತ್ತಿರಬೇಕು. ರೇಡಿಯೋ ಕೇಂದ್ರಕ್ಕೆ ಬಂದ ಫೋನುಗಳಲ್ಲಿ ಎಲ್ಲರದೂ ಒಂದೇ ಪ್ರಶ್ನೆಯಂತೆ, ಆ ಮನುಷ್ಯ ಡಾಕ್ಟರ ಹತ್ತಿರ ಹೋದನೇ. ಯಾರೋ ಒಬ್ಬಾಕೆ, “ಹೋಗದಿದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ ಅಂತ ಹೇಳಿ” ಎಂದರಂತೆ. ನನ್ನ ಹೆಸರು ಹೋಯಿತು, ಮರುದಿನ ಬರಬೇಕಿದ್ದ, ಸಾಕ್ಷ್ಯಚಿತ್ರವೊಂದಕ್ಕೆ ದನಿ ಕೊಡುವ ಕೆಲಸವೂ ಹೋಯಿತು. ಇಷ್ಟಾದ ಮೇಲೆ ನಿಮ್ಮ ಮೇಲೆ ಮಾನನಷ್ಟದ ದಾವೆ ಹೂಡುವುದೆಂದು ತೀರ್ಮಾನಿಸಿದೆ. ವಕೀಲರು, “ನಿಮ್ಮ ಗಂಟಲು ಚೆನ್ನಾಗಿದೆ ಅಂತ ಒಂದು ಸರ್ಟಿಫಿಕೇಟ್ ತನ್ನಿ, ಉಳಿದದ್ದು ನನಗೆ ಬಿಡಿ” ಎಂದರು. ಆ ಸರ್ಟಿಫಿಕೇಟಿಗಾಗಿ, ಕೇವಲ ಅದಕ್ಕಾಗಿ, ನಾನು ಡಾಕ್ಟರ ಹತ್ತಿರ ಹೋದೆ. ನಿಮ್ಮ ಮಾತು ಕೇಳಿ ಹೋದೆನೆಂದು ಎಲ್ಲಿಯೂ ಹೇಳಿಕೊಳ್ಳಬಾರದು.

ನೀವು ವಿಳಾಸ ಕೊಟ್ಟಿದ್ದ ಅದೇ ವೈದ್ಯೆ. ಬೇರೆ ವಿಳಾಸ ಹುಡುಕಲು ಪುರುಸೊತ್ತಿರಲಿಲ್ಲ. ಹೊರಗಿನ ಸಾಲಿನಲ್ಲಿ ಯಾರು ಕೂತಿದ್ದರೆಂದು ಹೇಳಿದರೆ ನಗುತ್ತೀರಿ. ಆ ಕ್ಷೌರದವನು. ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣು, ತಿಂಗಳುಗಳಿಂದ ಹೆಂಡತಿಗೂ ತೋರಿಸದೆ ಇಟ್ಟುಕೊಂಡಿದ್ದನಂತೆ. “ನಿಮ್ಮ ದನಿ ಕೇಳಿ ಹೆದರಿ ಬಂದೆ ಸರ್” ಎಂದ. ನನ್ನ ದನಿ ಕೇಳಿ ಜನ ಬೇಕಾದಷ್ಟು ಮಾಡಿದ್ದಾರೆ, ಹೆದರಿ ಓಡಿಬಂದವನು ಇವನೇ ಮೊದಲು. ಒಳಗೆ ಹೋಗಿ ಬಂದ. ಮುರಿದ ಹಲ್ಲು ಉಜ್ಜಿ ಉಜ್ಜಿ ಆದ ಗಾಯವಂತೆ. ಹಲ್ಲಿನ ಡಾಕ್ಟರಿಗೆ ಚೀಟಿ ಬರೆಸಿಕೊಂಡು, ನಗುತ್ತ, “ನಿಮ್ಮದೂ ಹಿಂಗೇ ಆಗತ್ತೆ ಬಿಡಿ ಸರ್, ಏನೂ ಇರಲ್ಲ” ಎಂದು ಹೋದ.

ವೈದ್ಯೆ ಸಣ್ಣ ಆಕೃತಿ, ದೊಡ್ಡ ಕನ್ನಡಕ. ನಾನು ಬಾಯಿ ತೆರೆದು ಸರ್ಟಿಫಿಕೇಟಿನ ವಿಷಯ ಹೇಳುವಷ್ಟರಲ್ಲಿ ಕೈಯೆತ್ತಿ, “ಸಾಕು, ಮಾತಾಡ್ಬೇಡಿ. ಕೇಳಿಸ್ತು” ಎಂದರು. ಮೂಗಿಗೆ ಏನೋ ಮದ್ದು ಸಿಂಪಡಿಸಿ, ತುದಿಯಲ್ಲಿ ದೀಪವಿರುವ ದಾರದಂಥ ಕೊಳವೆಯನ್ನು ಒಳಗೆ ಇಳಿಸಿದರು. ನೋವಾಗಲಿಲ್ಲ, ಅವಮಾನವಾಯಿತು. “ಈ ಅನ್ನಿ” ಎಂದರು. ಇಷ್ಟು ವರ್ಷ ಲಕ್ಷಾಂತರ ಜನರಿಗೆ ಓದಿ ಹೇಳಿದವನಿಗೆ ಕೊನೆಗೆ 'ಈ' ಒಂದೇ ಅಕ್ಷರದ ಪರೀಕ್ಷೆ, ಅದರಲ್ಲೂ ಪಾಸಾಗಲಿಲ್ಲ. ಪರದೆಯ ಮೇಲೆ ನನ್ನ ದನಿ ಕಂಡಿತು. ಎರಡು ತೆಳು ಪಟ್ಟಿಗಳು, ಅಷ್ಟೇ. ಅದಕ್ಕೇ ನಾನು ಇಷ್ಟು ಜಂಬಪಟ್ಟಿದ್ದು. ಒಂದರ ಅಂಚಿನಲ್ಲಿ ಸುಣ್ಣ ಸಿಡಿದ ಹಾಗೆ ಒರಟಾದ ಬಿಳಿ ಕಲೆ. “ಇದು ಏನೂ ಅಲ್ಲದೆ ಇರಬಹುದು. ಆದ್ರೆ ಇಷ್ಟು ತಿಂಗಳಾದ ಮೇಲೆ ನೋಡದೆ ಬಿಡೋ ಹಾಗಿಲ್ಲ” ಎಂದು, ಚೂರು ತೆಗೆದು ಪರೀಕ್ಷೆಗೆ ಕಳಿಸಲು ದಿನ ಗೊತ್ತು ಮಾಡಿದರು.

ಸರ್ಟಿಫಿಕೇಟ್ ಕೊಡಲಿಲ್ಲ. ಆದ್ದರಿಂದ ದಾವೆ ಸದ್ಯಕ್ಕೆ ನಿಂತಿದೆ.

ಇನ್ನು ನನ್ನ ಷರತ್ತುಗಳು. ಸೂಜಿಯಣ್ಣನನ್ನು ಬೈಯಬೇಡಿ, ಮೊಮ್ಮಗುವನ್ನು ತೋರಿಸುವ ನೆಪದಲ್ಲಿ ಬಂದು, ನನ್ನ ಕೈ ಹಿಡಿದುಕೊಂಡು, ಮಾತೇ ಆಡದೆ ಕೂತು ಹೋದರು. ಮಾತಿಗೆ ತೇಪೆ ಹಾಕುವವರಿಗೆ ಅವತ್ತು ಒಂದು ತೇಪೆಯೂ ಸಿಗಲಿಲ್ಲ. ಜೇನುಹನಿಗೆ ಸಾಕ್ಷ್ಯಚಿತ್ರ ಹೋಗಲಿ, ಈ ಸ್ಪಾಟ್ ಮಾತ್ರ ಹೋಗಕೂಡದು. ನನ್ನದೇ ನಡೆಯಲಿ, ಹಾಗೆಯೇ, ಹೊಲಿಯದೆ. ಕೊನೆಗೆ, ಒರಗು ಕುರ್ಚಿ ನನಗೆ ಬೇಕು. ಈ ಮನೆಯ ಕುರ್ಚಿಗಳ ಮೇಲೆ ಧೂಳಿನ ಹಕ್ಕು ಸ್ಥಾಪನೆಯಾಗಿದೆ.

ಇತಿ, ತಮ್ಮ
ಪ್ರತಿವಾದಿ

ಮ.ಮ.: ಪರೀಕ್ಷೆಯ ಫಲಿತಾಂಶ ಮಂಗಳವಾರ ಬಂತು. ಕ್ಯಾನ್ಸರೇ. ಒಂದೇ ಪಟ್ಟಿಯ ಮೇಲಿದೆ, ಎಲ್ಲೂ ಹರಡಿಲ್ಲ. ಮೊದಲ ಹಂತದಲ್ಲೇ ಬರುವವರು ಕಡಿಮೆ, ಗುಣವಾಗುವ ಭರವಸೆ ಚೆನ್ನಾಗಿದೆ ಎಂದರು ವೈದ್ಯೆ. ಗಂಟೆಯ ದನಿ ಮರಳುತ್ತದೆಂದು ಮಾತು ಕೊಡಲಿಲ್ಲ, ಒಂದು ದನಿ ಉಳಿಯುತ್ತದೆ ಎಂದರು. ಸಿಗರೇಟ್ ಬಿಟ್ಟೆ, ಈ ಸಲ ಒಂದೇ ‘ಬಿಟ್ಟು’. ತಿಂಗಳ ಕೊನೆಯ ಸೋಮವಾರದಿಂದ ವಿಕಿರಣ ಚಿಕಿತ್ಸೆ, ಕೆಲವು ವಾರ ದಿನಾ ಹೋಗಬೇಕು, ಜೊತೆಗೆ ಯಾರಾದರೂ ಇದ್ದರೆ ಒಳ್ಳೆಯದಂತೆ. ಅಕ್ಕ ಬರುತ್ತೇನೆ ಅನ್ನುತ್ತಾಳೆ, ಆಸ್ಪತ್ರೆಯ ಗೇಟು ಕಂಡರೇ ಅಳುತ್ತಾಳೆ. ನನಗೆ ಅಳುವವರು ಬೇಡ ಕಣೇ, ಬೈಯುವವರು ಬೇಕು. ನಾನು ತಿರುಗಿ ಮಾತಾಡುವ ಹಾಗಿಲ್ಲ, ದನಿಗೆ ವಿಶ್ರಾಂತಿ ಕೊಡಬೇಕೆಂದಿದ್ದಾರೆ. ಇಂಥ ಅವಕಾಶ ನಿನಗೆ ಮತ್ತೆ ಸಿಗುವುದಿಲ್ಲ. ಸೋಮವಾರ ಬೆಳಿಗ್ಗೆ ಬೇಗ ಬಾ.